ಕರಿಗೆರೆಯ ಲೆಕ್ಕ

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಆವರಣದಲ್ಲಿ ಒಂದು ಮಿದುಳು ಸಂಗ್ರಹಾಲಯವಿದೆ. ನೋಡಲು ಬಂದವರ ಕೈಗೆ ಅಲ್ಲಿ ನಿಜವಾದ ಮನುಷ್ಯನ ಮಿದುಳನ್ನೇ ಕೊಡುತ್ತಾರೆ. ಒಂದೂಕಾಲು ಕೆ.ಜಿ.ಗಿಂತ ತುಸು ಹೆಚ್ಚು ತೂಕ. ಫಾರ್ಮಲಿನ್‌ನಲ್ಲಿ ನೆನೆದು ಗಟ್ಟಿಯಾಗಿರುವುದರಿಂದ ಹಿಡಿಯಲು ಭಯವಿಲ್ಲ. ಹಸಿ ಮಿದುಳಾದರೆ ಗಿಣ್ಣಿನಂತೆ ಮೆತ್ತಗೆ, ಮುಟ್ಟಿದರೆ ನಡುಗುತ್ತದೆ. ಸುತ್ತಲ ಜಾಡಿಗಳಲ್ಲಿ ರಕ್ತಸ್ರಾವದಿಂದ ಕಪ್ಪಾದದ್ದು, ಗಡ್ಡೆ ಬೆಳೆದದ್ದು, ಲಾಡಿಹುಳುವಿನ ಮರಿಗಳು ಗೂಡು ಕಟ್ಟಿದ್ದು, ಹೆಲ್ಮೆಟ್ ಇಲ್ಲದೆ ಬಿದ್ದವರದ್ದು. ಬಹಳ ಮಂದಿ ಇಷ್ಟನ್ನು ನೋಡಿ ಹೊರಬರುತ್ತಾರೆ. ನಾನು ಹೇಳಹೊರಟಿರುವುದು ಅದರಲ್ಲಿ ಕಣ್ಣಿಗೆ ಅಷ್ಟಾಗಿ ಬೀಳದ ಒಂದು ಗೆರೆಯ ವಿಷಯ.

ಮಿದುಳಿನ ಕಾಂಡದ ಮೇಲುಭಾಗವನ್ನು ಅಡ್ಡಕ್ಕೆ ಕೊಯ್ದರೆ ಎಡಕ್ಕೊಂದು ಬಲಕ್ಕೊಂದು ಕಪ್ಪು ಗೆರೆ ಬರಿಗಣ್ಣಿಗೇ ಕಾಣುತ್ತವೆ. ಎರಡು ಕಣ್ಣಿಗೆ ಕಾಡಿಗೆ ತೀಡಿದಂತೆ. ವೈದ್ಯರು ಇದನ್ನು ಸಬ್‌ಸ್ಟಾನ್ಶಿಯಾ ನೈಗ್ರಾ ಎನ್ನುತ್ತಾರೆ, ಲ್ಯಾಟಿನ್‌ನಲ್ಲಿ 'ಕಪ್ಪು ವಸ್ತು' ಎಂದಷ್ಟೇ ಅರ್ಥ. ನಾವು ಕರಿಗೆರೆ ಅನ್ನೋಣ. ಪಾರ್ಕಿನ್ಸನ್ ಕಾಯಿಲೆಯಿಂದ ತೀರಿಕೊಂಡವರ ಮಿದುಳಲ್ಲಿ ಈ ಕಾಡಿಗೆ ಒರೆಸಿ ಹೋಗಿರುತ್ತದೆ. ಬಣ್ಣ ಹೋಯಿತೆಂದರೆ ಬಣ್ಣ ಹೊತ್ತಿದ್ದ ನರಕೋಶಗಳು ಸತ್ತವೆಂದು ಲೆಕ್ಕ.

ನಮ್ಮ ದೊಡ್ಡಪ್ಪನಿಗೆ ಈ ಕಾಯಿಲೆ ಇತ್ತು. ಕಾಫಿ ಲೋಟ ಹಿಡಿದ ಕೈ ನಡುಗಲು ಶುರುವಾದಾಗ ವಯಸ್ಸಾಯಿತು ಅಂದುಕೊಂಡೆವು. ಅದಕ್ಕೂ ಎಷ್ಟೋ ವರ್ಷ ಮೊದಲೇ ಇಂಗಿನ ಒಗ್ಗರಣೆಯ ವಾಸನೆ ಅವರಿಗೆ ಗೊತ್ತಾಗುತ್ತಿರಲಿಲ್ಲ. ಅಡಿಕೆ ಲೆಕ್ಕದ ಪುಸ್ತಕದಲ್ಲಿ ಅವರ ಅಕ್ಷರ ಪುಟದಿಂದ ಪುಟಕ್ಕೆ ಸಣ್ಣದಾಗುತ್ತಾ ಬಂದಿತ್ತು. ವಾಸನೆ ಕಳೆದುಕೊಳ್ಳುವುದು, ಅಕ್ಷರ ಕುಗ್ಗುವುದು, ಮಲಬದ್ಧತೆ, ನಿದ್ದೆಯಲ್ಲಿ ಕೈಕಾಲು ಒದರುವುದು, ಇವೆಲ್ಲ ಆ ಕಾಯಿಲೆಯ ಮುನ್ಸೂಚನೆಗಳಿರಬಹುದೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಕೈ ನಡುಗುವ ಹೊತ್ತಿಗೆ ಕರಿಗೆರೆಯ ಕೋಶಗಳ ದೊಡ್ಡ ಪಾಲು ಆಗಲೇ ಹೋಗಿರುತ್ತದೆ. ನರಕೋಶಗಳನ್ನು ಕಾಪಾಡುವುದು ಹೇಗೆ ಎಂಬ ಸಂಶೋಧನೆಯ ಸಂಕಟ ಇರುವುದೇ ಇಲ್ಲಿ. ಕಳ್ಳ ಹೋದ ಮೇಲೆ ನಾಯಿ ಬೊಗಳುತ್ತದೆ.

ಮನುಷ್ಯನ ಮಿದುಳಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಕರಿಗೆರೆಯಲ್ಲಿರುವ ಕಪ್ಪು ಕೋಶಗಳು ಎರಡೂ ಬದಿ ಸೇರಿ ಕೆಲವೇ ಲಕ್ಷ. ಆದರೆ ಅವುಗಳಿಂದ ಹೊರಟ ಎಳೆಗಳು ಮೇಲೇರಿ, ಮಿದುಳಿನ ಒಳಭಾಗದ ಸ್ಟ್ರಯೇಟಮ್ ಎಂಬ ಗಂಟಿಗೆ ಹೋಗಿ ಆಲದ ಬಿಳಲಿನಂತೆ ಕವಲೊಡೆಯುತ್ತವೆ. ಒಂದೊಂದು ಕೋಶವೂ ಲಕ್ಷಕ್ಕೆ ಮಿಕ್ಕಿದ ಕಡೆ ತನ್ನ ಎಳೆ ಚಾಚಿ ಡೋಪಮೈನ್ ಎಂಬ ರಾಸಾಯನಿಕವನ್ನು ಸುರಿಸುತ್ತದೆ. ಲೋಟ ಎತ್ತಬೇಕು, ಹೆಜ್ಜೆ ಇಡಬೇಕು ಎಂದರೆ ಈ ದಾರಿ ತೆರೆದಿರಬೇಕು. ಅಷ್ಟು ದೊಡ್ಡ ಸಂಸಾರವನ್ನು ಒಂದು ಕೋಶ ಸಾಕಬೇಕಾದ್ದರಿಂದ ಅದಕ್ಕೆ ಶಕ್ತಿಯ ಖರ್ಚು ವಿಪರೀತ. ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಸ್ವಲ್ಪ ಸೋತರೂ ಮೊದಲು ಬೀಳುವುದು ಇವೇ.

ಈ ಕಾಯಿಲೆಯನ್ನು 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರವಾಗಿ ಬರೆದಿಟ್ಟರೂ, ಇದರಲ್ಲಿ ಕಡಿಮೆಯಾಗುವುದು ಏನು ಎಂದು ಗೊತ್ತಾಗಲು 1960ರವರೆಗೆ ಕಾಯಬೇಕಾಯಿತು. ವಿಯೆನ್ನಾದಲ್ಲಿ ಓಲೆ ಹಾರ್ನಿಕೀವಿಚ್ ಮತ್ತು ಹರ್ಬರ್ಟ್ ಎರಿಂಗರ್ ಸತ್ತವರ ಮಿದುಳಿನ ಸ್ಟ್ರಯೇಟಮ್‌ನಿಂದ ತೆಗೆದ ದ್ರವಕ್ಕೆ ಅಯೊಡಿನ್ ಬೆರೆಸಿ ನೋಡಿದರು. ಡೋಪಮೈನ್ ಇದ್ದರೆ ಗುಲಾಬಿ ಬಣ್ಣ ಬರಬೇಕು. ಉಳಿದವರ ಮಿದುಳಿನಲ್ಲಿ ಬಂತು. ಪಾರ್ಕಿನ್ಸನ್ ರೋಗಿಗಳದ್ದರಲ್ಲಿ ಹೆಚ್ಚುಕಡಿಮೆ ಬರಲೇ ಇಲ್ಲ. ಮರುವರ್ಷವೇ ರೋಗಿಗಳಿಗೆ ಎಲ್-ಡೋಪಾ ಚುಚ್ಚಿ ನೋಡಲಾಯಿತು, ಹಾಸಿಗೆ ಹಿಡಿದವರು ಎದ್ದು ನಡೆದರು. ಇವತ್ತಿಗೂ ಈ ಕಾಯಿಲೆಗೆ ಮುಖ್ಯ ಮದ್ದು ಅದೇ. ಇಲ್ಲಿ ಒಂದು ಮಾತು ನೆನಪಾಗುತ್ತದೆ. ನಮ್ಮ ಬೇಲಿಗಳ ಮೇಲೆ ಹಬ್ಬುವ, ಮೈಗೆ ತಾಗಿದರೆ ತುರಿಕೆ ಹತ್ತಿಸುವ ನಸುಗುನ್ನಿಯ ಬೀಜದಲ್ಲಿ ಇದೇ ಎಲ್-ಡೋಪಾ ಇದೆ ಎಂದು 1937ರಲ್ಲೇ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ತೋರಿಸಿದ್ದರು. ಹಾಗೆಂದು ಯಾರೂ ಮನೆಯಲ್ಲಿ ಬೀಜ ಅರೆದು ಕುಡಿಯಬಾರದು. ಪ್ರಮಾಣ ತಪ್ಪಿದರೆ ಅಪಾಯ.

ಎಲ್-ಡೋಪಾ ಕೊರತೆಯನ್ನು ತುಂಬುತ್ತದೆ, ಸಾಯುವ ಕೋಶವನ್ನು ತಡೆಯುವುದಿಲ್ಲ. ಅದನ್ನು ತಡೆಯಬೇಕಾದರೆ ಕೋಶ ಏಕೆ ಸಾಯುತ್ತದೆ, ಯಾರಲ್ಲಿ ಸಾಯುವುದಿಲ್ಲ ಎಂದು ನೋಡಬೇಕು. ನೋಡಲು ಮನುಷ್ಯನ ಮಿದುಳೇ ಬೇಕು. ಇಲಿಗೆ ತಾನಾಗಿ ಪಾರ್ಕಿನ್ಸನ್ ಬರುವುದಿಲ್ಲ.

ನಿಮ್ಹಾನ್ಸ್‌ನಲ್ಲಿ ನರರೋಗಶಾಸ್ತ್ರಜ್ಞರಾಗಿದ್ದ ಡಾ. ಎಸ್.ಕೆ. ಶಂಕರ್ 1995ರಲ್ಲಿ ಮಿದುಳು ಬ್ಯಾಂಕ್ ಕಟ್ಟಿದ್ದು ಈ ಅಗತ್ಯದಿಂದ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಜೈವಿಕ ತಂತ್ರಜ್ಞಾನ ಇಲಾಖೆ, ವೈದ್ಯಕೀಯ ಸಂಶೋಧನಾ ಮಂಡಳಿಗಳು ಬೆನ್ನಿಗೆ ನಿಂತವು. ಮರಣೋತ್ತರ ಪರೀಕ್ಷೆಯ ಹೊತ್ತಿಗೆ ಮನೆಯವರ ಒಪ್ಪಿಗೆ ಪಡೆದು, ಸತ್ತ ಕೆಲವೇ ಗಂಟೆಗಳೊಳಗೆ ಮಿದುಳನ್ನು ತೆಗೆಯಬೇಕು. ಒಂದು ಭಾಗ ಫಾರ್ಮಲಿನ್‌ಗೆ ಹೋಗುತ್ತದೆ. ಇನ್ನೊಂದು ಭಾಗವನ್ನು ಹೋಳುಹೋಳಾಗಿ ಕೊಯ್ದು ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಶೀತಲ ಪೆಟ್ಟಿಗೆಯಲ್ಲಿ ಇಡುತ್ತಾರೆ. ದೇಶದ ಬೇರೆ ಬೇರೆ ಕಡೆಯ ಸಂಶೋಧಕರು ಅರ್ಜಿ ಹಾಕಿ ಇಲ್ಲಿಂದ ಚೂರುಗಳನ್ನು ಪಡೆಯುತ್ತಾರೆ. ಬ್ಯಾಂಕ್ ಎಂಬ ಹೆಸರು ಇದಕ್ಕೆ ಸರಿಯಾಗಿ ಒಪ್ಪುತ್ತದೆ. ಠೇವಣಿ ಇಟ್ಟವರು ಬೇರೆ, ಬಡ್ಡಿ ಉಣ್ಣುವವರು ಬೇರೆ ಎಂಬುದಷ್ಟೇ ವ್ಯತ್ಯಾಸ. ಶಂಕರ್ 2022ರಲ್ಲಿ ತೀರಿಕೊಂಡರು. ಆ ಕೆಲಸವನ್ನು ಡಾ. ಅನಿತಾ ಮಹದೇವನ್ ಮುಂದುವರಿಸಿದ್ದಾರೆ.

ತಲೆಗೆ ಪೆಟ್ಟು ಬಿದ್ದವರನ್ನು ರಾತ್ರಿ ಹಗಲೆನ್ನದೆ ನಿಮ್ಹಾನ್ಸ್‌ಗೆ ತರುವುದು ಎಲ್ಲರಿಗೂ ಗೊತ್ತಿರುವುದೇ. ಉಳಿಯದೆ ಹೋದವರಲ್ಲಿ ಬಹಳಷ್ಟು ಜನ ನರರೋಗವೇ ಇಲ್ಲದವರು. ಹೀಗೆ ರಸ್ತೆಯಲ್ಲಿ ಬಿದ್ದವರಿಂದ ಈ ಬ್ಯಾಂಕಿಗೆ ಬೇರೆ ದೇಶಗಳಲ್ಲಿ ಸುಲಭಕ್ಕೆ ಸಿಗದ ಸಂಪತ್ತು ಬಂತು: ಆರೋಗ್ಯವಂತರ, ಎಲ್ಲಾ ವಯಸ್ಸಿನವರ ಮಿದುಳು. ಬರೆಯುವಾಗ ಕೈ ತಡೆಯುತ್ತದೆ, ಆದರೂ ಹೇಳಲೇಬೇಕು. ಮಗನನ್ನು ಆಗಷ್ಟೇ ಕಳೆದುಕೊಂಡ ಒಬ್ಬ ತಂದೆ ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಹ್ಞೂಂ ಅಂದದ್ದರ ಮೇಲೆ ಮುಂದಿನ ವಿಜ್ಞಾನವೆಲ್ಲ ನಿಂತಿದೆ.

ನರತಜ್ಞ ಡಾ. ಉದಯ್ ಮುಥಾನೆ, ಡಾ. ಟಿ.ಸಿ. ಯಶಾ ಮತ್ತು ಶಂಕರ್ ಇಂಥ ಮಿದುಳುಗಳ ಕರಿಗೆರೆಯನ್ನು ತೆಳ್ಳಗೆ ಕೊಯ್ದು, ಸೂಕ್ಷ್ಮದರ್ಶಕದಡಿ ಕಪ್ಪು ಕೋಶಗಳನ್ನು ಎಣಿಸಿದರು. ಲಂಡನ್ನಿನ ಮಿದುಳುಗಳನ್ನು ಎಣಿಸಿದ್ದ 1991ರ ಒಂದು ಅಧ್ಯಯನ, ಕಾಯಿಲೆ ಇಲ್ಲದವರಲ್ಲೂ ದಶಕಕ್ಕೆ ಸುಮಾರು 4.7%ರಂತೆ ಈ ಕೋಶಗಳು ಕಡಿಮೆಯಾಗುತ್ತವೆ ಎಂದಿತ್ತು. 1998ರಲ್ಲಿ ಪ್ರಕಟವಾದ ಬೆಂಗಳೂರಿನ ಲೆಕ್ಕ ಬೇರೆಯೇ ಹೇಳಿತು. ನಮ್ಮವರ ಕರಿಗೆರೆಯಲ್ಲಿ ಬ್ರಿಟನ್ನಿನವರಿಗಿಂತ ಕೋಶಗಳು ಕಡಿಮೆ. ಆದರೆ ಇರುವಷ್ಟು ಕೋಶಗಳು ವಯಸ್ಸಾದಂತೆ ಉದುರುವುದಿಲ್ಲ. ಸಣ್ಣ ಗಂಟು, ಕರಗದ ಗಂಟು. ಮುಂದೆ ಡಾ. ಫಲ್ಗುಣಿ ಅಲ್ಲಾಡಿ, ಡಾ. ಟಿ.ಆರ್. ರಾಜು ಮತ್ತು ಸಂಗಡಿಗರು ಇನ್ನೂ ಕರಾರುವಾಕ್ಕಾದ ಎಣಿಕೆ ವಿಧಾನ ಬಳಸಿ, ಹುಟ್ಟುವ ಮುಂಚಿನ ಶಿಶುವಿನಿಂದ ಹಿಡಿದು ಮುಪ್ಪಿನವರವರೆಗೆ ಪರೀಕ್ಷಿಸಿದರು. 2009ರಲ್ಲಿ ಬಂದ ಫಲಿತಾಂಶವೂ ಅದೇ: ವಯಸ್ಸಿನೊಂದಿಗೆ ಗಮನಾರ್ಹ ನಷ್ಟವಿಲ್ಲ.

ಇದಕ್ಕೆ ಹೊಂದುವಂತೆ, ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ಡಾ. ಎಂ. ಗೌರಿದೇವಿ ಮತ್ತು ತಂಡ ನಡೆಸಿದ ಸಮೀಕ್ಷೆಯಲ್ಲಿ ಲಕ್ಷಕ್ಕೆ 33 ಜನರಲ್ಲಿ ಪಾರ್ಕಿನ್ಸನ್ ಕಂಡಿತ್ತು. ಮುಂಬೈ ಪಾರ್ಸಿಗಳಲ್ಲಿ ಅದು ಲಕ್ಷಕ್ಕೆ 328. ಪಾರ್ಸಿಗಳಲ್ಲಿ ಮುದುಕರ ಪಾಲು ಹೆಚ್ಚು, ಆದ್ದರಿಂದ ಎರಡನ್ನೂ ನೇರವಾಗಿ ತೂಗಬಾರದು. ಆದರೂ ಪ್ರಶ್ನೆ ಉಳಿಯುತ್ತದೆ. 2003ರಲ್ಲಿ ಬೆಂಗಳೂರಿನ ಆಂಗ್ಲೋ ಇಂಡಿಯನ್ನರಲ್ಲಿ ಈ ಕಾಯಿಲೆ ಇನ್ನೂ ಅಪರೂಪ ಎಂಬ ಅಧ್ಯಯನ ಬಂದಾಗ, ಎರಡು ಮೂಲದ ರಕ್ತ ಬೆರೆತಲ್ಲಿ ರಕ್ಷಣೆ ಹೆಚ್ಚೇ ಎಂಬ ಕುತೂಹಲ ಹುಟ್ಟಿತು.

ಅದನ್ನು ಇಲಿಗಳಲ್ಲಿ ಪರೀಕ್ಷಿಸಲು ಒಂದು ವಿಷ ಸಿಕ್ಕಿತ್ತು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳ್ಳತನದಲ್ಲಿ ತಯಾರಾದ ಮಾದಕ ದ್ರವ್ಯವನ್ನು ಚುಚ್ಚಿಕೊಂಡ ಕೆಲವು ಯುವಕರು ರಾತ್ರೋರಾತ್ರಿ ಕಲ್ಲಾಗಿ ಕುಳಿತರು. ಅದರಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ರಾಸಾಯನಿಕ ಅವರ ಕರಿಗೆರೆಯನ್ನು ಸುಟ್ಟಿತ್ತು. ವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಇದನ್ನು ಪತ್ತೆ ಮಾಡಿದ ಮೇಲೆ ಪ್ರಯೋಗಾಲಯಗಳಲ್ಲಿ ಅದೇ ವಿಷದಿಂದ ಪಾರ್ಕಿನ್ಸನ್ ಬರಿಸುವುದು ರೂಢಿಯಾಯಿತು. ವಿಶೇಷವೆಂದರೆ ಕೆಲವು ತಳಿಯ ಇಲಿಗಳು ಈ ವಿಷಕ್ಕೆ ಬೇಗ ಬಲಿಯಾಗುತ್ತವೆ, ಕೆಲವು ತಡೆದುಕೊಳ್ಳುತ್ತವೆ. ಅಲ್ಲಾಡಿ ಅವರ ತಂಡ ಎರಡೂ ತಳಿಗಳನ್ನು ಕೂಡಿಸಿ ಮರಿ ಪಡೆಯಿತು. ಆ ಬೆರಕೆ ಮರಿಗಳ ಕರಿಗೆರೆ ವಿಷಕ್ಕೆ ಚೆನ್ನಾಗಿ ಎದುರು ನಿಂತಿತು. ಆಂಗ್ಲೋ ಇಂಡಿಯನ್ನರ ಸಮೀಕ್ಷೆ ಎತ್ತಿದ ಪ್ರಶ್ನೆಗೆ ಇಲಿಗೂಡಿನಿಂದ ಬಂದ ಉತ್ತರವಿದು.

ಹಾಗಾದರೆ ನಮಗೆ ಯಾವ ಭಯವೂ ಇಲ್ಲ ಅಂದುಕೊಂಡರೆ ತಪ್ಪು. ಕೋಶಗಳ ಸಂಖ್ಯೆ ಇಳಿಯದಿದ್ದರೂ ಅವುಗಳ ಒಳಗೆ ವಯಸ್ಸು ಕೆಲಸ ಮಾಡುತ್ತಲೇ ಇರುತ್ತದೆ ಎಂದು ಇದೇ ತಂಡ 2010ರಲ್ಲಿ ತೋರಿಸಿತು. ಪಾರ್ಕಿನ್ಸನ್‌ನಲ್ಲಿ ಗಂಟುಗಟ್ಟುವ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನು ಆರೋಗ್ಯವಂತ ಮುದುಕರ ಕರಿಗೆರೆಯಲ್ಲೂ ಹೆಚ್ಚುತ್ತದೆ. ಕೋಶದ ಒಳಗಣ ಒತ್ತಡದ ಗುರುತುಗಳೂ ಏರುತ್ತವೆ. ಜೊತೆಗೇ ಒಂದು ಸಮಾಧಾನದ ಸಂಗತಿ ಇದೆ. ಈ ಕೋಶಗಳನ್ನು ಪೋಷಿಸುವ ಜಿಡಿಎನ್‌ಎಫ್ ಎಂಬ ಪ್ರೋಟೀನನ್ನು ಹಿಡಿದುಕೊಳ್ಳುವ ಗ್ರಾಹಕಗಳು ಮುಪ್ಪಿನಲ್ಲೂ ಹಾಗೆಯೇ ಉಳಿದಿದ್ದವು. ನೀರು ಹರಿದು ಬಂದರೆ ಕುಡಿಯಲು ಬೇರು ಸಿದ್ಧವಾಗಿಯೇ ಇದೆ. ಜಿಡಿಎನ್‌ಎಫ್ ಅನ್ನು ನೇರವಾಗಿ ರೋಗಿಗಳ ಮಿದುಳಿಗೆ ಕೊಟ್ಟು ನೋಡಿದ ಪ್ರಯೋಗಗಳು ಪಶ್ಚಿಮದಲ್ಲಿ ಆಗಿವೆ, ಇನ್ನೂ ಚಿಕಿತ್ಸೆಯಾಗಿ ನಿಂತಿಲ್ಲ. ನನ್ನ ಮಟ್ಟಿಗೆ, ತಡವಾಗಿ ಕೊಟ್ಟ ಮದ್ದಿಗಿಂತ ಮೊದಲೇ ಕಾಯುವ ಉಪಾಯ ಹುಡುಕುವುದರಲ್ಲೇ ಹೆಚ್ಚು ಭರವಸೆ ಇದೆ. ಕೋಶ ಏಕೆ ಸಾಯಲಿಲ್ಲ ಎಂದು ಕೇಳಿದ ಈ ಬೆಂಗಳೂರಿನ ಕೆಲಸ ಅದಕ್ಕೇ ಬೆಲೆಯುಳ್ಳದ್ದು.

ಈಗ ಬದುಕಿರುವವರನ್ನೇ ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನವೂ ನಮ್ಮಲ್ಲಿ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ, ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ 45 ದಾಟಿದ 10,000 ಜನರ ನೆನಪು, ನಡೆ, ರಕ್ತ, ಮಿದುಳಿನ ಸ್ಕ್ಯಾನ್‌ಗಳನ್ನು ಮತ್ತೆ ಮತ್ತೆ ದಾಖಲಿಸುವ ಗುರಿ ಇಟ್ಟುಕೊಂಡಿದೆ. ಮರೆವಿನ ಕಾಯಿಲೆ ಶುರುವಾಗುವ ಹೊತ್ತನ್ನು ಹಳ್ಳಿಯ ಜನರಲ್ಲಿ ಹಿಡಿಯುವ ಯತ್ನ ಅದು. ಆದರೆ ಸ್ಕ್ಯಾನ್ ಎಷ್ಟೇ ಸೂಕ್ಷ್ಮವಾದರೂ ಒಂದೊಂದೇ ಕೋಶವನ್ನು ಎಣಿಸಿ ಹೇಳಲಾರದು. ಕೊನೆಗೆ ಸ್ಲೈಡ್ ಬೇಕು, ಸ್ಲೈಡಿಗೆ ಮಿದುಳು ಬೇಕು.

ಅಪಘಾತದಲ್ಲಿ ಹೋದವರ ಮಿದುಳು ಬ್ಯಾಂಕಿಗೆ ಸಿಗುವಷ್ಟು ಸುಲಭಕ್ಕೆ, ಪಾರ್ಕಿನ್ಸನ್ ಅಥವಾ ಅಲ್ಝೈಮರ್‌ನೊಂದಿಗೆ ಹತ್ತಾರು ವರ್ಷ ಬದುಕಿ ಮನೆಯಲ್ಲೇ ಕಣ್ಣು ಮುಚ್ಚಿದವರದ್ದು ಸಿಗುವುದಿಲ್ಲ. ನಮ್ಮ ದೊಡ್ಡಪ್ಪನದ್ದೂ ಸಿಗಲಿಲ್ಲ, ನಮಗೆ ಆಗ ಯಾರೂ ಹೇಳಿರಲಿಲ್ಲ, ನಾವೂ ಕೇಳಲಿಲ್ಲ. ಮಿದುಳು ತೆಗೆಯುವಾಗ ಕೂದಲ ಮರೆಯಲ್ಲಿ ಕೊಯ್ದು ಹೊಲಿಯುವುದರಿಂದ ಮುಖ ಕೆಡುವುದಿಲ್ಲ. ದೇಹವನ್ನು ಮನೆಗೆ ತಂದು ಎಲ್ಲಾ ವಿಧಿಗಳನ್ನೂ ಮಾಡಬಹುದು. ಕಣ್ಣನ್ನೂ ಜೊತೆಗೇ ದಾನ ಕೊಡಬಹುದು. ನಿಮ್ಮ ಮನೆಯಲ್ಲಿ ಇಂಥ ಕಾಯಿಲೆಯವರಿದ್ದರೆ, ಅವರಿಗೆ ಮಾತಾಡುವ ಶಕ್ತಿ ಇರುವಾಗಲೇ ಅವರ ಇಷ್ಟವನ್ನು ಕೇಳಿ ತಿಳಿದುಕೊಳ್ಳಿ. ನಿಮ್ಮ ಇಷ್ಟವನ್ನೂ ಮನೆಯವರಿಗೆ ಹೇಳಿಡಿ. ದಾನದ ಪತ್ರಕ್ಕೆ ಸಹಿ ಹಾಕಿದ್ದರೂ, ಆ ಹೊತ್ತಿನಲ್ಲಿ ಆಸ್ಪತ್ರೆಗೆ ಫೋನ್ ಮಾಡಬೇಕಾದವರು, ಒಪ್ಪಿಗೆ ಕೊಡಬೇಕಾದವರು ಅವರೇ.