ಗುಜರಿ ಸ್ಪ್ರಿಂಗಿನಿಂದ ಗಟ್ಟಿ ಚಾಣ



ಪಂಪು ಕೆಡುವುದು ಸಾಮಾನ್ಯವಾಗಿ ನೀರು ಬೇಕಾದ ದಿನವೇ. ಬಿಚ್ಚೋಣವೆಂದರೆ ನಟ್ಟು ತುಕ್ಕು ಹಿಡಿದು ಬೋಲ್ಟಿಗೆ ಕಚ್ಚಿಕೊಂಡಿರುತ್ತದೆ. ಪಾನಾ ಹಾಕಿ ತಿರುವಿದಷ್ಟೂ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ರಾತ್ರಿಯೆಲ್ಲ ಸೀಮೆಎಣ್ಣೆ ಬಿಟ್ಟರೂ ಕದಲದಿದ್ದರೆ ನಟ್ಟನ್ನು ಸೀಳಿ ತೆಗೆಯುವುದೊಂದೇ ದಾರಿ. ಅದಕ್ಕೆ ಕಬ್ಬಿಣ ಕಡಿಯುವ ಚಾಣ ಬೇಕು. ಇಲ್ಲವಾದರೆ ಪೇಟೆಯ ಮೆಕ್ಯಾನಿಕ್ಕಿನ ದಾರಿ ಕಾಯುತ್ತಾ ಕೂರಬೇಕು, ಇತ್ತ ಟೊಮೇಟೋ ಮಡಿ ಸೊರಗುತ್ತಿರುತ್ತದೆ. ಕೊಟ್ಟಿಗೆಯ ಮೂಲೆಯಲ್ಲಿ ಒಂದು ವೈಸು, ಒಂದೆರಡು ಅರ, ಸಾಣೆ ಕಲ್ಲು ಇಟ್ಟುಕೊಂಡವರು ಈ ಚಾಣವನ್ನು ತಾವೇ ಮಾಡಿಕೊಳ್ಳಬಹುದು.

ಮೊದಲು ಉಕ್ಕಿನ ಮಾತು. ಮನೆ ಕಟ್ಟುವಾಗ ಉಳಿದ ಸರಳಿನ ತುಂಡನ್ನು ಚೂಪು ಮಾಡಿ ಚಾಣ ಅಂತ ಇಟ್ಟುಕೊಂಡವರು ಬಹಳ ಮಂದಿ. ಅದು ಎರಡೇ ಪೆಟ್ಟಿಗೆ ಬಾಯಿ ಮಡಚುತ್ತದೆ. ಏಕೆಂದರೆ ಅದರಲ್ಲಿ ಇಂಗಾಲ ಕಡಿಮೆ. ಎಷ್ಟು ಕಾಯಿಸಿ ಅದ್ದಿದರೂ ಚಾಣಕ್ಕೆ ಬೇಕಾದಷ್ಟು ಗಡಸಾಗದು. ವಾಹನದ ಸುರುಳಿ ಸ್ಪ್ರಿಂಗಿನ ಉಕ್ಕಿನಲ್ಲಿ ನೂರಕ್ಕೆ ಅರ್ಧ ಭಾಗ ಅಥವಾ ತುಸು ಹೆಚ್ಚು ಇಂಗಾಲವಿರುತ್ತದೆ, ಅದು ಹದಕ್ಕೆ ಬರುತ್ತದೆ. ಗುಜರಿ ಅಂಗಡಿಯಲ್ಲಿ ಬಿಡಿಯಾಗಿ ಬಿದ್ದಿರುವ, ಅರ್ಧ ಅಂಗುಲ ದಪ್ಪದ ಸ್ಪ್ರಿಂಗನ್ನೇ ಆರಿಸಿ. ಗಾಡಿಯಲ್ಲಿ ಅದುಮಿ ಕೂತಿರುವ ಸ್ಪ್ರಿಂಗನ್ನು ನೀವೇ ಬಿಚ್ಚಲು ಹೋಗಬೇಡಿ. ಅದು ಹಾರಿದರೆ ಆಳು ಉಳಿಯುವುದು ಕಷ್ಟ. ಸತುವಿನ ಲೇಪವಿರುವ ಕಬ್ಬಿಣವನ್ನೂ ಬೆಂಕಿಗೆ ಹಾಕಬಾರದು, ಅದರ ಹೊಗೆ ಕುಡಿದರೆ ಚಳಿಜ್ವರ ಬಂದ ಹಾಗೆ ನಡುಗಬೇಕಾಗುತ್ತದೆ.

ಊರಿನ ಕಮ್ಮಾರರ ಕುಲುಮೆ ಇನ್ನೂ ಉರಿಯುತ್ತಿದ್ದರೆ ನಿಮ್ಮ ಭಾಗ್ಯ. ಸ್ಪ್ರಿಂಗನ್ನು ಕೆಂಪಗೆ ಕಾಯಿಸಿ, ನೆಟ್ಟಗೆ ಬಡಿಸಿ, ಏಳು ಅಂಗುಲದ ತುಂಡು ಮಾಡಿಸಿ. ಒಂದು ತುದಿಯನ್ನು ಚಪ್ಪಟೆ ಮಾಡಿಸಿ. ಆಮೇಲೆ ಇನ್ನೊಮ್ಮೆ ಕೆಂಪಗೆ ಕಾಯಿಸಿ ಒಣ ಬೂದಿಯಲ್ಲಿ ಹೂತು ರಾತ್ರಿ ಬಿಡಿ. ನಿಧಾನವಾಗಿ ಆರಿದ ಉಕ್ಕು ಮೆತ್ತಗಾಗಿ, ಬೆಳಿಗ್ಗೆ ಅರಕ್ಕೆ ಸಲೀಸಾಗಿ ಬಗ್ಗುತ್ತದೆ.

ಬಾಯಿಯ ಕೋನ 60 ಡಿಗ್ರಿ ಇರಲಿ. ಕೋನಮಾಪಕ ಬೇಕಿಲ್ಲ: ಮೂರು ಬದಿಯೂ ಸಮನಾಗಿರುವ ತ್ರಿಕೋನವನ್ನು ರಟ್ಟಿನಲ್ಲಿ ಕತ್ತರಿಸಿದರೆ ಅದರ ಪ್ರತಿ ಮೂಲೆಯೂ 60. ಆ ಮೂಲೆಗೆ ಹೊಂದುವಂತೆ ಉಜ್ಜಿ. ಇನ್ನೂ ಚೂಪು ಮಾಡಿದರೆ ಚೆನ್ನಾಗಿ ಕಡಿಯುತ್ತದೆಂದು ತೋರುವುದು ಸಹಜ. ಆದರೆ ಕಬ್ಬಿಣದ ಮೇಲೆ ತೆಳು ಬಾಯಿ ಚಕ್ಕೆ ಏಳುತ್ತದೆ.

ಇನ್ನು ಹದ. ಕೆಲಸದ ಜೀವವೇ ಇದು, ಅವಸರ ಬೇಡ. ಬಿಸಿಲಿನಲ್ಲಿ ಕೆಂಪು ಕಾಣುವುದಿಲ್ಲ, ನೆರಳಿಗೆ ಬನ್ನಿ. ಬಾಯಿಯ ಕಡೆಯ ಎರಡು ಅಂಗುಲವನ್ನು ಮಾತ್ರ ಕಾಯಿಸಬೇಕು. ಎಷ್ಟು ಕಾಯಿಸಬೇಕೆಂಬುದಕ್ಕೆ ಕೆಟ್ಟ ಸ್ಪೀಕರಿನ ಅಯಸ್ಕಾಂತ ಸಾಕು: ಉಕ್ಕು ಸುಮಾರು 770 ಡಿಗ್ರಿ ಸೆಂಟಿಗ್ರೇಡು ಮುಟ್ಟಿದಾಗ ಅಯಸ್ಕಾಂತ ಹಿಡಿಯುವುದನ್ನು ಬಿಡುತ್ತದೆ. ಬಿಟ್ಟ ಮೇಲೆ ಇನ್ನೊಂದಿಷ್ಟು ಕಾಯಿಸಿ, ತುದಿಯನ್ನು ನೆಟ್ಟಗೆ ಎಣ್ಣೆಗೆ ಇಳಿಸಿ ಆಡಿಸಿ. ನೀರು ಬೇಡ. ಈ ಉಕ್ಕು ನೀರಿನಲ್ಲಿ ಬಿರುಕು ಬಿಡುವುದುಂಟು. ಬಜ್ಜಿ ಕರಿದು ಉಳಿದ ಎಣ್ಣೆ ಎರಡು ಮೂರು ಸೇರಿನಷ್ಟು ಇದ್ದರೆ ಆಯಿತು, ಆದರೆ ತಗಡಿನ ಡಬ್ಬಿಯಲ್ಲಿರಲಿ, ಮೇಲೆ ಮುಚ್ಚಲು ತಗಡೊಂದು ಪಕ್ಕದಲ್ಲಿರಲಿ; ಎಣ್ಣೆ ಹತ್ತಿಕೊಂಡರೆ ನೀರು ಸುರಿಯದೆ ಮುಚ್ಚಿಬಿಡಿ. ಹುಲ್ಲಿನ ಬಣವೆಯ ಹತ್ತಿರವಂತೂ ಈ ಕೆಲಸ ಕೂಡದು.

ಈಗ ಬಾಯಿಗೆ ಅರ ಹಾಕಿ ನೋಡಿ. ಕಚ್ಚದೆ ಗಾಜಿನ ಮೇಲಿನಂತೆ ಜಾರಿದರೆ ಗಡಸಾಗಿದೆ ಎಂದರ್ಥ. ಗಾಜಿನಂತೆ ಗಡಸು, ಗಾಜಿನಂತೆಯೇ ಪೆಡಸು! ಕೈಜಾರಿ ಬಿದ್ದರೂ ಮುರಿದೀತು. ಆದ್ದರಿಂದ ಸ್ವಲ್ಪ ಇಳಿಸಬೇಕು. ಬಾಯಿಯನ್ನು ಉಪ್ಪುಕಾಗದದಿಂದ ಬೆಳ್ಳಗೆ ಉಜ್ಜಿ, ಕೆಂಪಗೆ ಕಾದ ಬೇರೊಂದು ಕಬ್ಬಿಣದ ಗಟ್ಟಿಯ ಮೇಲೆ ಚಾಣದ ನಡುಭಾಗವನ್ನಿಟ್ಟು, ಬಾಯಿಯನ್ನು ಹೊರಗೆ ಚಾಚಿ ಕಣ್ಣಿಟ್ಟು ನೋಡುತ್ತಿರಿ. ನಡುವಿನಿಂದ ಬಾಯಿಯ ಕಡೆಗೆ ಬಣ್ಣಗಳು ಓಡುತ್ತವೆ: ಮೊದಲು ಹುಲ್ಲಿನ ಹಳದಿ, ಅದು ಸುಮಾರು 230 ಡಿಗ್ರಿ, ಆಮೇಲೆ ಕಂದು, ಆಮೇಲೆ 280ರ ಸುಮಾರಿಗೆ ನೇರಳೆ, ಹಿಂದೆಯೇ ನೀಲಿ. ನೇರಳೆ ಬಣ್ಣ ಬಾಯಿಯ ಅಂಚು ಮುಟ್ಟಿತೋ, ತಕ್ಷಣ ಎಣ್ಣೆಗೆ ಅದ್ದಿ. ಹಳದಿಗೇ ನಿಲ್ಲಿಸಿದರೆ ಬಾಯಿ ಒಡೆಯುತ್ತದೆ, ನೀಲಿಯೂ ದಾಟಿ ಬೂದುಬಣ್ಣಕ್ಕೆ ಬಿಟ್ಟರೆ ಮಡಚುತ್ತದೆ. ಮತ್ತೆ ಮೊದಲಿನಿಂದ ಕಾಯಿಸಬೇಕು, ಅಷ್ಟೆ, ಉಕ್ಕೇನೂ ಹಾಳಾಗದು. ಮುಂದೆ ಸಾಣೆ ಹಿಡಿಯುವಾಗಲೂ ಇದೇ ಬಣ್ಣದ ಮೇಲೆ ಗಮನವಿರಲಿ, ಆಗಾಗ ನೀರಿಗೆ ಅದ್ದುತ್ತಿರಿ. ಬಾಯಿ ನೀಲಿಗಟ್ಟಿತೆಂದರೆ ಹದ ಹೋಯಿತು.

ನಮ್ಮ ‘ಉಕ್ಕು’ ಎಂಬ ಮಾತೇ ಇಂಗ್ಲಿಷರ ಬಾಯಲ್ಲಿ ‘ವುಟ್ಜ್’ ಆಯಿತೆಂದು ಹಲವು ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಎಂಬವರು ಆ ಉಕ್ಕಿನ ಗುಣವನ್ನು ಕುರಿತು ಪ್ರಬಂಧ ಮಂಡಿಸಿದ್ದರು. ನಮ್ಮ ಕಮ್ಮಾರರು ಬಣ್ಣ ನೋಡಿ ಹದ ಹೇಳುವುದನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಸುತ್ತಿಗೆ ಬೀಳುವ ತಲೆಗೆ ಮಾತ್ರ ಹದ ಕೊಡಲೇಬೇಡಿ, ಅದು ಮೆತ್ತಗೇ ಇರಬೇಕು. ಬಡಿದಂತೆಲ್ಲ ತಲೆ ಅಣಬೆಯ ಹಾಗೆ ಅರಳುತ್ತದೆ. ಆ ಅಂಚನ್ನು ಆಗಾಗ ಉಜ್ಜಿ ತೆಗೆಯಿರಿ, ಇಲ್ಲವಾದರೆ ಚೂರು ಸಿಡಿದು ಕಣ್ಣಿಗೇ ಬರುತ್ತದೆ. ಕನ್ನಡಕ ಹಾಕಿಕೊಳ್ಳಿ, ಎದುರಿಗೆ ಮಕ್ಕಳನ್ನು ನಿಲ್ಲಿಸಿಕೊಳ್ಳಬೇಡಿ.

ಉಳಿದ ಸ್ಪ್ರಿಂಗಿನಲ್ಲಿ ತೂತಿನ ಗುರುತು ಹಾಕುವ ಪಂಚನ್ನೂ ಮಾಡಿಕೊಳ್ಳಬಹುದು. ಮೊನೆ 90 ಡಿಗ್ರಿ, ಹದ ಇದೇ ರೀತಿ.

ಇನ್ನೊಂದು ಸಣ್ಣ ಸಾಮಾನು. ವೈಸಿನ ಹಲ್ಲು ಪಂಪಿನ ಶಾಫ್ಟನ್ನು ಕಚ್ಚಿ ಗಾಯ ಮಾಡದಂತೆ ಅಲ್ಯುಮಿನಿಯಂ ತಗಡಿನ ಎರಡು ಕವಚ ಬಗ್ಗಿಸಿ ವೈಸಿನ ಬಾಯಿಗೆ ತೊಡಿಸಿ. ಬಗ್ಗಿಸುವಾಗ ತಗಡು ಸೀಳಿದರೆ, ಬಟ್ಟೆ ಸೋಪನ್ನು ಅದರ ಮೇಲೆ ಉಜ್ಜಿ, ಸೋಪಿನ ಗೆರೆ ಕಂದಿ ಕಪ್ಪಾಗುವವರೆಗೆ ಮಾತ್ರ ಕಾಯಿಸಿ ಆರಲು ಬಿಡಿ. ಆಗ ಕೈಯಲ್ಲೇ ಮಡಚುವಷ್ಟು ಮೆತ್ತಗಾಗುತ್ತದೆ.