ಕಿಡ್ನಿ ಕಾಯಿಲೆಯ ಮಗುವಿಗೆ ನೆಗಡಿ ಬಂದರೆ ಸ್ಟೀರಾಯ್ಡ್ ಮಾತ್ರೆ ನಿಲ್ಲಿಸಬೇಕೇ?

"ಸ್ಟೀರಾಯ್ಡ್ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಮಗುವಿಗೆ ಶೀತ, ಜ್ವರ ಬಂದರೆ ಮೊದಲು ಆ ಮಾತ್ರೆ ನಿಲ್ಲಿಸಿ, ಕಷಾಯ ಕೊಡಿ." ಇಂಥ ಸಲಹೆ ವಾಟ್ಸಾಪ್ ಗುಂಪುಗಳಲ್ಲೂ ನೆಂಟರಿಷ್ಟರ ಬಾಯಲ್ಲೂ ಕೇಳಿಬರುತ್ತದೆ. ಇದರ ಮೊದಲ ವಾಕ್ಯ ನಿಜ. ಆದರೆ ಎರಡನೆಯದನ್ನು ಪಾಲಿಸಿದರೆ ಮಗುವಿನ ಜೀವಕ್ಕೇ ಅಪಾಯವಾಗಬಹುದು.

ಯಾವ ಕಾಯಿಲೆ ಇದು?

ಚಿಕ್ಕ ಮಕ್ಕಳಲ್ಲಿ ಕಾಣಿಸುವ ಮುಖ್ಯ ಕಿಡ್ನಿ ತೊಂದರೆಗಳಲ್ಲಿ ನೆಫ್ರೋಟಿಕ್ ಸಿಂಡ್ರೋಮ್ ಒಂದು. ಕಿಡ್ನಿ ಒಂದು ಜರಡಿಯಂತೆ ರಕ್ತವನ್ನು ಸೋಸುತ್ತದೆ. ಈ ಕಾಯಿಲೆಯಲ್ಲಿ ಜರಡಿಯ ಕಣ್ಣು ದೊಡ್ಡದಾದಂತಾಗಿ, ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನ್ ಮೂತ್ರದಲ್ಲಿ ಹೋಗುತ್ತದೆ. ಬೆಳಿಗ್ಗೆ ಕಣ್ಣಿನ ಸುತ್ತ ಊತ, ಕಾಲು ಬಾವು, ನೊರೆ ಮೂತ್ರ ಇದರ ಲಕ್ಷಣಗಳು. ಹೆಚ್ಚಿನ ಮಕ್ಕಳು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್‌ನಿಂದ ಚೇತರಿಸಿಕೊಳ್ಳುತ್ತಾರೆ. ಆದರೆ ಕಾಯಿಲೆ ಮತ್ತೆ ಮತ್ತೆ ಮರುಕಳಿಸುವುದುಂಟು.

ನೆಗಡಿಗೂ ಕಿಡ್ನಿಗೂ ಏನು ಸಂಬಂಧ?

ಹೀಗೆ ಮರುಕಳಿಸುವುದರಲ್ಲಿ ಸುಮಾರು ಅರ್ಧದಷ್ಟು ಸಲ ಅದಕ್ಕೆ ಮುಂಚೆ ನೆಗಡಿ, ಕೆಮ್ಮಿನಂಥ ವೈರಸ್ ಸೋಂಕು ಬಂದಿರುತ್ತದೆ. ವೈರಸ್ ನೇರವಾಗಿ ಕಿಡ್ನಿಗೆ ಹೋಗಿ ಕೂರಬೇಕೆಂದಿಲ್ಲ. ಸೋಂಕಿನ ವಿರುದ್ಧ ಎಚ್ಚೆತ್ತ ರೋಗನಿರೋಧಕ ವ್ಯವಸ್ಥೆಯೇ ಆ ಜರಡಿಯನ್ನು ಮತ್ತೆ ಕೆಡಿಸುತ್ತದೆ ಎಂಬುದು ತಜ್ಞರ ವಿವರಣೆ.

ಮಾತ್ರೆ ಏಕೆ ನಿಲ್ಲಿಸಬಾರದು?

ನಮ್ಮ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ಜ್ವರ ಬಂದಾಗ ದೇಹಕ್ಕೆ ಅದು ಇನ್ನಷ್ಟು ಬೇಕು. ವಾರಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತಿಂದ ಮಗುವಿನಲ್ಲಿ ಈ ಗ್ರಂಥಿಗಳು ಕೆಲಸ ಕಡಿಮೆ ಮಾಡಿರುತ್ತವೆ. ಆಗ ಮಾತ್ರೆಯನ್ನೂ ಏಕಾಏಕಿ ನಿಲ್ಲಿಸಿದರೆ ರಕ್ತದೊತ್ತಡ ಮತ್ತು ಸಕ್ಕರೆ ಅಂಶ ಕುಸಿದು, ಮಗು ಪ್ರಜ್ಞೆ ತಪ್ಪಬಹುದು.

ವೈದ್ಯರಲ್ಲಿ ಚರ್ಚೆ ಇರುವುದು ಬೇರೆ ವಿಷಯಕ್ಕೆ. ದಿನ ಬಿಟ್ಟು ದಿನ ಮಾತ್ರೆ ತಿನ್ನುವ ಮಕ್ಕಳಿಗೆ ಸೋಂಕಿನ ಸಮಯದಲ್ಲಿ ಕೆಲವು ದಿನ ಪ್ರತಿದಿನ ಕೊಟ್ಟರೆ ಮರುಕಳಿಸುವುದು ಕಡಿಮೆಯಾಗುತ್ತದೆ ಎಂದು 2011ರಲ್ಲಿ ಪ್ರಕಟವಾದ ದೆಹಲಿ ಏಮ್ಸ್‌ನ ಅಧ್ಯಯನ ಹೇಳಿತ್ತು. ನಂತರ ಬ್ರಿಟನ್‌ನಲ್ಲಿ 365 ಮಕ್ಕಳನ್ನು ಸೇರಿಸಿಕೊಂಡು ನಡೆದ 'ಪ್ರೆಡ್ನಾಸ್ 2' ಅಧ್ಯಯನದಲ್ಲಿ 6 ದಿನ ಪ್ರತಿದಿನ ಮಾತ್ರೆ ಕೊಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನೆಗಡಿಯ ನಂತರ ಕಾಯಿಲೆ ಮರುಕಳಿಸಿದ್ದು ಮಾತ್ರೆ ಪಡೆದವರಲ್ಲಿ ಶೇ. 42.7, ಹುಸಿ ಮಾತ್ರೆ ಪಡೆದವರಲ್ಲಿ ಶೇ. 44.3. ಅಂದರೆ ಪ್ರಶ್ನೆ "ಹೆಚ್ಚಿಸಬೇಕೇ, ಹಾಗೇ ಮುಂದುವರಿಸಬೇಕೇ" ಎಂಬುದು. "ನಿಲ್ಲಿಸಿ" ಎಂಬುದು ಈ ಚರ್ಚೆಯಲ್ಲೇ ಇಲ್ಲ. ನಿಮ್ಮ ಮಗುವಿಗೆ ಯಾವುದು ಸರಿ ಎಂದು ಚಿಕಿತ್ಸೆ ಕೊಡುತ್ತಿರುವ ವೈದ್ಯರೇ ಹೇಳಬೇಕು.

ಮನೆಯಲ್ಲಿ ಏನು ಮಾಡಬೇಕು?

• ನೆಗಡಿ ಶುರುವಾದ ದಿನದಿಂದ ಪ್ರತಿ ಬೆಳಿಗ್ಗೆ ಮೊದಲ ಮೂತ್ರವನ್ನು ಡಿಪ್‌ಸ್ಟಿಕ್ ಪಟ್ಟಿಯಿಂದ ಪರೀಕ್ಷಿಸಿ, ಡೈರಿಯಲ್ಲಿ ಬರೆದಿಡಿ. ಸತತ 3 ದಿನ 3+ ಅಥವಾ 4+ ಬಂದರೆ ಕಾಯಿಲೆ ಮರುಕಳಿಸಿದೆ ಎಂದರ್ಥ. ತಡಮಾಡದೆ ವೈದ್ಯರಿಗೆ ತಿಳಿಸಿ.
• ಜ್ವರಕ್ಕೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೇನ್ ಕಿಡ್ನಿಗೆ ಹಾನಿ ಮಾಡಬಹುದು, ನೀವಾಗಿಯೇ ಕೊಡಬೇಡಿ.
• ವೈರಸ್ ನೆಗಡಿಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ.
• ಏನೇನು ಹಾಕಿದ್ದಾರೆಂದು ಗೊತ್ತಿಲ್ಲದ ಕಷಾಯ, ಪುಡಿಗಳು ಬೇಡ.
• ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿ. ಸ್ಟೀರಾಯ್ಡ್ ಹೆಚ್ಚಿನ ಪ್ರಮಾಣದಲ್ಲಿ ಇರುವಾಗ ದಡಾರ, ಚಿಕನ್‌ಪಾಕ್ಸ್‌ನಂಥ ಜೀವಂತ ಲಸಿಕೆ ಹಾಕಿಸುವಂತಿಲ್ಲ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

ಉಸಿರಾಟಕ್ಕೆ ಕಷ್ಟ, ಜ್ವರದ ಜೊತೆ ಹೊಟ್ಟೆನೋವು, ಮೂತ್ರ ಕಡಿಮೆಯಾಗುವುದು, ಮಂಪರು, ಫಿಟ್ಸ್, ಅಥವಾ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಷ್ಟು ವಾಂತಿ ಇದ್ದರೆ ಕಾಯಬೇಡಿ. ಮಗು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದೆ ಎಂಬುದನ್ನು ಅಲ್ಲಿ ಮೊದಲೇ ಹೇಳಿ. ಚಿಕನ್‌ಪಾಕ್ಸ್ ಬಂದವರ ಸಂಪರ್ಕವಾಗಿದ್ದರೆ, ಮಗುವಿಗೆ ಗುಳ್ಳೆ ಏಳುವ ಮುಂಚೆಯೇ ವೈದ್ಯರಿಗೆ ತಿಳಿಸಿ.

"ಮಾತ್ರೆ ನಿಲ್ಲಿಸಿ" ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ ಫಾರ್ವರ್ಡ್ ಮಾಡಬೇಡಿ. ಅಂಥ ಮಗು ನಿಮ್ಮ ಬಳಗದಲ್ಲೇ ಇರಬಹುದು.