ಗೊತ್ತಾಗುವ ಮೊದಲೇ ಬೀಳುವ ಏಟು

ಮಕ್ಕಳ ನಡುವಿನ ಎಲ್ಲ ಜಗಳವೂ ಪೀಡನೆ ಆಗುವುದಿಲ್ಲ. ನಾರ್ವೆಯಲ್ಲಿ ದುಡಿದ ಮನೋವಿಜ್ಞಾನಿ ಡಾನ್ ಓಲ್ವೇಯಸ್ ಹಾಕಿಕೊಟ್ಟ ಮೂರು ಗುರುತುಗಳು ಇಲ್ಲಿಗೆ ಸಾಕು: ನೋಯಿಸುವ ಉದ್ದೇಶ ಇರಬೇಕು, ಅದು ಮತ್ತೆ ಮತ್ತೆ ನಡೆಯಬೇಕು, ಏಟು ತಿನ್ನುವ ಮಗುವಿಗೆ ತಿರುಗಿ ನಿಲ್ಲುವ ಬಲ ಇರಬಾರದು. ಸಲಿಂಗಪ್ರೇಮಿಗಳು, ಗಂಡು ಹೆಣ್ಣು ಇಬ್ಬರತ್ತಲೂ ಒಲವಿರುವವರು, ಟ್ರಾನ್ಸ್‌ಜೆಂಡರ್ ಸಮುದಾಯದವರು ತಮ್ಮ ಶಾಲೆಯ ದಿನಗಳನ್ನು ನೆನೆಯುವಾಗ ಈ ಮೂರೂ ಒಟ್ಟಿಗೆ ಕಾಣಿಸಿಕೊಳ್ಳುವುದು ತೀರ ಸಾಮಾನ್ಯ.

ಶಿಕ್ಷಕರ ಜೊತೆ ಈ ವಿಷಯ ಎತ್ತಿದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ: “ಐದನೇ ಕ್ಲಾಸಿನ ಮಗುವಿಗೆ ಇದೆಲ್ಲ ಎಲ್ಲಿ ಗೊತ್ತಿರುತ್ತೆ ಸಾರ್?” ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ, ನಿಜ. ಆದರೆ ಏಟು ಬೀಳಲು ಮಗುವಿಗೆ ತನ್ನ ಬಗ್ಗೆ ಏನೂ ಗೊತ್ತಿರಬೇಕಾಗಿಲ್ಲ. ತರಗತಿ ನೋಡುವುದು ಮನಸ್ಸಿನ ಒಲವನ್ನಲ್ಲ. ನಡಿಗೆಯನ್ನು, ಕೈ ಆಡಿಸುವ ರೀತಿಯನ್ನು, ದನಿಯನ್ನು. ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡುವ ಹುಡುಗ ‘ಹೆಣ್ಣಿಗ’ ಆಗುತ್ತಾನೆ, ‘ನಂಬರ್ ಒಂಬತ್ತು’ ಆಗುತ್ತಾನೆ. ಕೂದಲು ಕತ್ತರಿಸಿಕೊಂಡು ಕ್ರಿಕೆಟ್ಟಿಗೆ ಇಳಿಯುವ ಹುಡುಗಿ ‘ಗಂಡುಬೀರಿ’. ಅವರಲ್ಲಿ ಕೆಲವರು ಮುಂದೆ ಸಲಿಂಗಪ್ರೇಮಿಗಳೋ ಟ್ರಾನ್ಸ್‌ಜೆಂಡರೋ ಆಗಿ ತಮ್ಮನ್ನು ಕಂಡುಕೊಳ್ಳುತ್ತಾರೆ, ಕೆಲವರು ಇಲ್ಲ. ಬೈಗುಳ ಮಾತ್ರ ಇಬ್ಬರಿಗೂ ಒಂದೇ. ಇನ್ನು ಕೆಲವು ಮಕ್ಕಳ ನಡಿಗೆ ಎಲ್ಲರಂತೆಯೇ ಇರುತ್ತದೆ, ಒಳಗಿನ ಒಲವು ಮಾತ್ರ ಬೇರೆ. ಅವರು ತಮ್ಮ ಗುಟ್ಟು ಹೊರಬಿದ್ದೀತೆಂಬ ಅಂಜಿಕೆಯಲ್ಲಿ ಉಳಿದವರ ಜೊತೆ ಸೇರಿ ನಗುತ್ತಾರೆ. ಆ ನಗುವಿನ ಸಂಕಟ ಯಾವ ದೂರುಪುಸ್ತಕದಲ್ಲೂ ದಾಖಲಾಗುವುದಿಲ್ಲ.

ತಮಿಳುನಾಡಿನ ನಾಮಕ್ಕಲ್ ಕಡೆಯವರಾದ, ಬೆಂಗಳೂರಿನ ‘ಸಂಗಮ’ ಸಂಸ್ಥೆಯಲ್ಲಿ ದುಡಿದ ಟ್ರಾನ್ಸ್‌ಜೆಂಡರ್ ಮಹಿಳೆ ಎ. ರೇವತಿ ತಮ್ಮ ಆತ್ಮಕಥೆಯಲ್ಲಿ ಶಾಲೆಯ ಈ ಕಾಟವನ್ನು ಬಿಚ್ಚಿಟ್ಟಿದ್ದಾರೆ. ದು. ಸರಸ್ವತಿ ಅದನ್ನು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದಿದ್ದಾರೆ. ಹೆಣ್ಣಿನ ಹಾಗೆ ಆಡುತ್ತಾನೆಂದು ಸಹಪಾಠಿಗಳು ಕಾಡುತ್ತಿದ್ದುದು ಒಂದು ಕಡೆ. ಗಂಡುಮಕ್ಕಳ ಆಟಕ್ಕೆ ಬರಲಿಲ್ಲವೆಂದು ಪಿ.ಟಿ. ಮೇಷ್ಟ್ರೇ ಹೊಡೆದದ್ದು ಇನ್ನೊಂದು ಕಡೆ. ಮೇಷ್ಟ್ರು ಕೈ ಎತ್ತಿದರೆಂದರೆ ಮಕ್ಕಳು ಮಾಡುತ್ತಿದ್ದ ಹಿಂಸೆಗೆ ಶಾಲೆಯ ಒಪ್ಪಿಗೆ ಸಿಕ್ಕಂತೆಯೇ.

ತಮಿಳುನಾಡಿನಲ್ಲೇ ಲೈಂಗಿಕ ಅಲ್ಪಸಂಖ್ಯಾತ ಯುವಜನರ ನಡುವೆ ಯುನೆಸ್ಕೊ ಒಂದು ಅಧ್ಯಯನ ನಡೆಸಿತು. ಮಾಧ್ಯಮಿಕ, ಪ್ರೌಢಶಾಲೆಗಳಲ್ಲಿ ಮೈಮೇಲೆ ಕೈ ಮಾಡಿಸಿಕೊಂಡವರು ಶೇ. 60ರಷ್ಟು. ಶಾಲೆಗೆ ದೂರು ಕೊಟ್ಟವರು ಸುಮಾರು ಶೇ. 18 ಮಾತ್ರ.

ಉಳಿದವರು ಯಾಕೆ ಹೇಳಲಿಲ್ಲ? ಈ ಅಧ್ಯಾಯದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಕನ್ನಡಕ ಹಾಕಿದ್ದಕ್ಕೆ ರೇಗಿಸಿದರೆ ಮಗು ಅಮ್ಮನ ಮುಂದೆ ಅಳಬಹುದು. ‘ಹೆಣ್ಣಿಗ’ ಎಂದು ರೇಗಿಸಿದರೆ, ದೂರು ಹೇಳಲಿಕ್ಕೆ ಆ ಮಾತನ್ನು ತನ್ನ ಬಾಯಿಂದಲೇ ಆಡಬೇಕು. ಆಡಿದ ಮರುಕ್ಷಣ ಮನೆಯಲ್ಲಿ ಕೇಳುವುದು, “ನೀನ್ಯಾಕೆ ಹಾಗೆ ನಡೀತೀಯ?” ದೂರು ತಂದ ಮಗುವೇ ಆರೋಪಿ. ಅಲ್ಲಿಂದ ಮುಂದೆ ಅದು ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ. ಶೌಚಾಲಯದಲ್ಲಿ ಕಾಯುವವರಿಗೆ ಹೆದರಿ ಸಂಜೆಯವರೆಗೂ ನೀರು ಕುಡಿಯುವುದಿಲ್ಲ. ಪಿ.ಟಿ. ಪೀರಿಯಡ್ ಇರುವ ದಿನ ಹೊಟ್ಟೆನೋವು. ಪಾಠದ ಹೊತ್ತಿನಲ್ಲೂ ಗಮನವೆಲ್ಲ ಕೈ ಹೇಗಿಟ್ಟಿದ್ದೇನೆ, ದನಿ ಹೇಗೆ ಬಂತು ಎಂಬುದರ ಮೇಲೆ. ಅಮೆರಿಕದ ಸಂಶೋಧಕ ಇಲಾನ್ ಮೇಯರ್ ‘ಅಲ್ಪಸಂಖ್ಯಾತರ ಒತ್ತಡ’ದ ಸಿದ್ಧಾಂತದಲ್ಲಿ ಇದನ್ನೇ ವಿವರಿಸಿದರು: ಯಾರೂ ಹೊಡೆಯದ ಹೊತ್ತಿನಲ್ಲೂ ಹೊಡೆತಕ್ಕೆ ಮೈ ಬಿಗಿಹಿಡಿದೇ ಇರುವುದು. ಹಾಜರಾತಿ ಇಳಿಯುತ್ತದೆ, ಅಂಕ ಇಳಿಯುತ್ತದೆ, ಕೊನೆಗೆ ಟಿ.ಸಿ. ತೆಗೆದುಕೊಂಡು ಹೋದವರ ಹೆಸರಿನ ಮುಂದೆ ‘ಓದಿನಲ್ಲಿ ಆಸಕ್ತಿ ಇಲ್ಲ’ ಎಂದು ಬರೆಯಲಾಗುತ್ತದೆ. ಇದಕ್ಕಿಂತ ಅನ್ಯಾಯದ ಷರಾ ಇಲ್ಲ.

“ಸ್ವಲ್ಪ ಗಂಡಸಿನ ಹಾಗೆ ಇರೋದು ಕಲಿ” ಎನ್ನುವ ಬುದ್ಧಿಮಾತೂ ಇದೇ ತಪ್ಪನ್ನು ಮಾಡುತ್ತದೆ. ತಿದ್ದಬೇಕಾದದ್ದು ಸುತ್ತ ನಿಂತವರನ್ನು. ಇಲ್ಲಿ ನಾನು ಯಾರಿಗೂ ಹೇಳದೆ ಬಿಡದ ಒಂದು ಸಂಶೋಧನೆ ಇದೆ, ಎಷ್ಟು ಸಲ ಓದಿದರೂ ಭರವಸೆ ಹುಟ್ಟಿಸುವಂಥದು. ಕೆನಡಾದ ಹಾಕಿನ್ಸ್, ಪೆಪ್ಲರ್, ಕ್ರೇಗ್ ಶಾಲಾ ಮೈದಾನಗಳನ್ನು ಕ್ಯಾಮರಾದಲ್ಲಿ ಹಿಡಿದು 2001ರಲ್ಲಿ ಪ್ರಕಟಿಸಿದ್ದು ಇದು. ಪೀಡನೆ ನಡೆಯುವಾಗ ಸುತ್ತ ಬೇರೆ ಮಕ್ಕಳು ಬಹುಪಾಲು ಇದ್ದೇ ಇರುತ್ತಾರೆ. ತಡೆಯಲು ಮುಂದಾಗುವವರು ಕಡಿಮೆ. ಆದರೆ ಮುಂದಾದಾಗ, ಅರ್ಧಕ್ಕಿಂತ ಹೆಚ್ಚು ಸಲ ಹತ್ತೇ ಸೆಕೆಂಡಿನೊಳಗೆ ಪೀಡನೆ ನಿಂತಿತು! “ಏ, ಬಿಡೋ ಅವನ್ನ” ಎನ್ನಲು ಒಬ್ಬ ಸಹಪಾಠಿ ಸಾಕು. ಹಾಗೆ ಅನ್ನುವ ಧೈರ್ಯ ಅವನಿಗೆ ಬರುವುದು, ಆ ಬೈಗುಳ ಕಿವಿಗೆ ಬಿದ್ದಾಗ ಟೀಚರು ನಗದೆ ಪಾಠ ನಿಲ್ಲಿಸಿ, “ಈ ಮಾತು ನನ್ನ ಕ್ಲಾಸಲ್ಲಿ ಬೇಡ” ಎಂದದ್ದನ್ನು ಅವನು ನೋಡಿದ್ದರೆ.

ಕಾನೂನು ಮಗುವಿನ ಪರವಾಗಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ವಿರುದ್ಧ ವಿದ್ಯಾಸಂಸ್ಥೆಗಳು ತಾರತಮ್ಯ ಮಾಡಕೂಡದೆಂದು 2019ರ ಕಾಯ್ದೆ ಹೇಳುತ್ತದೆ. ಟ್ರಾನ್ಸ್‌ಜೆಂಡರ್ ಮಕ್ಕಳನ್ನು ಒಳಗೊಳ್ಳುವುದನ್ನು ಶಿಕ್ಷಕರಿಗೆ ಕಲಿಸಿಕೊಡಬೇಕಾದ ಕೈಪಿಡಿ ಮಾತ್ರ ದಕ್ಕಲಿಲ್ಲ: ಎನ್‌ಸಿಇಆರ್‌ಟಿ 2021ರಲ್ಲಿ ಹೊರತಂದದ್ದು ಆಕ್ಷೇಪ ಬಂದ ಕೆಲವೇ ದಿನಗಳಲ್ಲಿ ಜಾಲತಾಣದಿಂದ ಇಳಿಯಿತು. ಅದು ಮರಳಿ ಬರಬೇಕು, ಕನ್ನಡದಲ್ಲೂ ಬರಬೇಕು.

ಡಿ.ಎಡ್., ಬಿ.ಎಡ್. ಓದುತ್ತಿರುವ ಗೆಳೆಯ ಗೆಳತಿಯರೇ, ಕಿರು ಅಧ್ಯಯನಕ್ಕೆ ವಿಷಯ ಹುಡುಕುವಾಗ ಇದನ್ನು ಆರಿಸಿಕೊಳ್ಳಿ. ನಮ್ಮ ವಸತಿಶಾಲೆಗಳನ್ನು, ಹಳ್ಳಿಯ ಕನ್ನಡ ಶಾಲೆಗಳನ್ನು, ನಡುವೆಯೇ ಓದು ಬಿಟ್ಟು ಈಗ ದೊಡ್ಡವರಾಗಿರುವವರನ್ನು ಮಾತನಾಡಿಸಿ. ಅವರ ಹೆಸರು, ಊರು ಗುಟ್ಟಾಗಿಡಿ. ಅವರು ಹೇಳಿದ್ದನ್ನು ಮಾತ್ರ ನಾಲ್ಕು ಜನಕ್ಕೆ ತಿಳಿಯುವ ಹಾಗೆ ಬರೆಯಿರಿ. ಇವತ್ತೇ ನೆರವು ಬೇಕಾದ ಮಗು ನಿಮ್ಮ ಕಣ್ಣಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.